ಮಾವನ ತಲೆಗಿಂತ ಎತ್ತರದ ಸೀಟು

ಭಾನುವಾರ ಚರ್ಚಿನಿಂದ ಬಂದು, ಗ್ಯಾರೇಜಿನಲ್ಲಿ ಚಾಪೆ ಹಾಸಿ, ಮಾವನ ತಟ್ಟೆಗೆ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ದೊಡ್ಡದೊಂದು ಗಂಟು ಹಾಕಿ, ಅವರು ಅದನ್ನು ಬಾಯಿಗಿಡುವವರೆಗೆ ಕಾದು ಮೆರಿಟಾ ಹೇಳಿದಳು:

"ನಾನೊಂದು ಬೈಕು ತಗೋತೀನಿ."

ಬಾಯಿ ತುಂಬ ಇದ್ದವರು ತಕ್ಷಣ ಬೈಯಲಾರರು ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಗಳನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೆನಿನಾಳ ಬಾಯಿ ಖಾಲಿ ಇತ್ತು.

"ಏನು ತಗೋತೀಯ?"

"ಬೈಕು."

"ಸ್ಕೂಟರು ಅನ್ನು ಮೆರಿಟಾ," ಎಂದ ಗಂಡ ಸೆಮಿಸಿ, ಅನುನಯದ ದನಿಯಲ್ಲಿ. "ಸ್ಕೂಟರು ತಾನೆ? ಮುಂದೆ ಬುಟ್ಟಿ ಇರೋದು?"

"ಬುಟ್ಟಿ ಇಲ್ಲ. ರೇಸಿನವರು ಓಡಿಸ್ತಾರಲ್ಲ, ಮುಂದೆ ಹಕ್ಕಿ ಮುಖದ ಥರ ಚೂಪಾಗಿರುತ್ತಲ್ಲ, ಅಂಥದ್ದು. ಸ್ಪೋರ್ಟ್ಸ್ ಬೈಕು."

"ಅಮ್ಮ, ನಿನಗೆ ನಲವತ್ತಾರು!"

"ಅದಕ್ಕೇ ಹೇಳಿದ್ದು. ಐವತ್ತಾರಾದ ಮೇಲೆ ತಗೊಳ್ಳೋದಾ?"

ಪೋರಿರುವಾದ ಆ ಬೀದಿಯಿಂದ ಹಟ್ ಕಣಿವೆಗೆ ನಡುವೆ ಇರುವುದು ಒಂದೇ ಗುಡ್ಡ. ಗುಡ್ಡ ಹತ್ತಿ ಇಳಿದರೆ ಇಪ್ಪತ್ತೈದು ನಿಮಿಷ. ರೈಲಿಗೆ ಮಾತ್ರ ಆ ಗುಡ್ಡ ಗೊತ್ತಿಲ್ಲ. ಅದು ದಕ್ಷಿಣಕ್ಕೆ ವೆಲಿಂಗ್ಟನ್ ತನಕ ಹೋಗಿ, ಅಲ್ಲಿ ಇನ್ನೊಂದು ರೈಲಿಗೆ ನಮ್ಮನ್ನು ಒಪ್ಪಿಸಿ, ಮತ್ತೆ ಉತ್ತರಕ್ಕೆ ಎಳೆದು ತರುತ್ತದೆ. ಮೆರಿಟಾ ಒಂಬತ್ತು ವರ್ಷದಿಂದ ಹೀಗೇ ಸುತ್ತಿ ಹೋಗಿ, ಕಣಿವೆಯ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಬೆಳಿಗ್ಗೆ ಎಂಟರ ಪಾಳಿಗೆ ಪಾತ್ರೆ, ತರಕಾರಿ ಎಂದು ದುಡಿಯುತ್ತಿದ್ದಳು. ಕಳೆದ ಗುರುವಾರ ಮೇಲ್ವಿಚಾರಕಿ ಕರೆದು, ಬೆಳಗಿನ ಅಡುಗೆಯವಳು ಬಿಟ್ಟು ಹೋಗುತ್ತಿದ್ದಾಳೆ, ಆ ಕೆಲಸ ನಿನಗೇ ಎಂದಿದ್ದಳು. ಅರವತ್ತೆರಡು ಜನರ ತಿಂಡಿ. ತನ್ನದೇ ಒಲೆ, ತನ್ನದೇ ಸೌಟು, ಕೈಕೆಳಗೆ ಇಬ್ಬರು. ಮಾರ್ಚಿನ ಮೊದಲ ಸೋಮವಾರದಿಂದ ಐದೂ ಮುಕ್ಕಾಲಿಗೆ ಒಲೆ ಹೊತ್ತಿರಬೇಕು. ಬರಲಾಗದಿದ್ದರೆ ಈಗಲೇ ಹೇಳು, ಬೇರೆಯವರು ಕಾದಿದ್ದಾರೆ.

ಬರುತ್ತೇನೆ ಎಂದು ಹೇಳಿಯೇ ಬಿಟ್ಟಿದ್ದಳು. ಮೊದಲ ರೈಲು ಅವಳನ್ನು ಅಲ್ಲಿ ಇಳಿಸುವುದು ಏಳಕ್ಕೆ. ಮನೆಯ ವ್ಯಾನು ಏಣಿ, ಬಣ್ಣದ ಡಬ್ಬಿ ಹೊತ್ತು ಸೆಮಿಸಿಯ ಜೊತೆ ಐದೂವರೆಗೆ ಎದುರು ದಿಕ್ಕಿಗೆ ಹೊರಡುತ್ತದೆ.

"ಹಳೇ ಕಾರೊಂದು ತಗೋಬಾರದಾ?" ಪೆನಿನಾ ಕೇಳಿದಳು. ಅವಳು ನರ್ಸಿಂಗ್ ಎರಡನೆಯ ವರ್ಷ. ಮನೆಯಲ್ಲಿ ಯಾರು ಕೆಮ್ಮಿದರೂ ನಾಡಿ ಹಿಡಿಯುವಷ್ಟು ಓದಾಗಿತ್ತು.

"ಎಲ್ಲಿ ನಿಲ್ಲಿಸ್ತೀಯ? ನಿನ್ನ ದೊಡ್ಡಪ್ಪನ ಮಕ್ಕಳ ಕಾರು ನಾಲ್ಕು ಆಗಲೇ ಅಂಗಳದಲ್ಲಿ ಮಲಗಿವೆ. ಎರಡಕ್ಕೆ ಚಕ್ರ ಇಲ್ಲ."

ಇದು ನಿಜವಾದ ಕಾರಣವಲ್ಲ. ನಿಜವಾದ ಕಾರಣ ಹೋದ ವರ್ಷ ಸ್ಟೇಷನ್ನಿನ ಮುಂದಿನ ಸಿಗ್ನಲ್ಲಿನಲ್ಲಿ ನಿಂತಿತ್ತು. ಒಂದು ಸ್ಪೋರ್ಟ್ಸ್ ಬೈಕು, ಅದರ ಮೇಲೊಬ್ಬಳು, ಹೆಲ್ಮೆಟ್ಟಿನ ಕೆಳಗಿನಿಂದ ಇಳಿದ ನರೆತ ಕೂದಲು. ದೀಪ ಹಸಿರಾದಾಗ ಆ ಸದ್ದು ಮೆರಿಟಾಳ ಚಪ್ಪಲಿಯೊಳಗಿಂದ ಹತ್ತಿ ಹೊಟ್ಟೆಗೆ ಬಂದಿತ್ತು. ಅವತ್ತು ರೈಲು ತಪ್ಪಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟು ಹೊತ್ತಿಗೆ ಮಾವ ತಾನಿಯೇಲು ತುತ್ತು ನುಂಗಿ ಬಾಯಿ ಒರೆಸಿಕೊಂಡಿದ್ದರು. ಎಪ್ಪತ್ತೆಂಟು ವರ್ಷ. ಸಮೋವಾದಲ್ಲಿ ಮನೆತನದ ಮತಾಯಿ, ಯಜಮಾನರು. ಇಲ್ಲಿ ಗ್ಯಾರೇಜಿನ ಬಾಯಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚರ್ಚಿನ ಇಬ್ಬರು ಮುದುಕರ ಜೊತೆ ಇಸ್ಪೀಟು ಆಡುವವರು. ಮನೆಯಿಂದ ಯಾರು ಹೊರಗೆ ಹೋದರೂ ಆ ಕುರ್ಚಿಯ ಮುಂದೆಯೇ ಹೋಗಬೇಕು. ಹೋಗುವಾಗ ಸೊಂಟ ಬಾಗಿಸಿ, ಒಂದು ಕೈ ನೆಲದತ್ತ ಇಳಿಬಿಟ್ಟು, 'ತುಲೌ' ಎನ್ನಬೇಕು. ಕೂತ ಹಿರಿಯರ ತಲೆಗಿಂತ ನಮ್ಮ ತಲೆ ಮೇಲಿರುವುದಕ್ಕೆ ಕೇಳುವ ಕ್ಷಮೆ ಅದು.

"ಅದರ ಸೀಟು ಎಷ್ಟು ಎತ್ತರ?" ಮಾವ ಕೇಳಿದರು.

"ಇಷ್ಟು, ಮಾವ." ಮೆರಿಟಾ ಸೊಂಟ ತೋರಿಸಿದಳು.

"ಅದರ ಮೇಲೆ ನೀನು ಕೂತರೆ?"

ಮೆರಿಟಾ ಸೊಂಟದ ಮೇಲಿದ್ದ ಕೈಯನ್ನು ಕೆಳಗಿಳಿಸಿದಳು.

"ಈ ಮನೆಯವರು ಯಾರೂ ನನ್ನ ತಲೆ ಮೇಲಿಂದ ಸವಾರಿ ಮಾಡಿಕೊಂಡು ಹೋಗಿಲ್ಲ," ಎಂದರು ಮಾವ.

"ಅಜ್ಜ, ಬೀದೀಲಿ ಬಸ್ಸು ಹೋಗುತ್ತಲ್ಲ," ಪೆನಿನಾ ಕೇಳಿದಳು. ಬೈಕು ಬೇಡವೆಂದರೂ ವಾದ ಬಿಡಲಾರಳು.

"ಬಸ್ಸಲ್ಲಿರೋರು ನಮ್ಮ ಮನೆಯವರಲ್ಲ."

"ಅಪ್ಪನ ವ್ಯಾನು?"

"ವ್ಯಾನಿಗೆ ಬಾಗಿಲಿದೆ. ಬಾಗಿಲಿದ್ದರೆ ಅದು ಕೋಣೆ. ಕೋಣೆಯೊಳಗೆ ಕೂತವರ ಮಾತು ಬೇರೆ."

ಸೆಮಿಸಿ ತಟ್ಟೆಯೊಳಗೇ ನಕ್ಕ. ಮಾವ ಇನ್ನೊಂದು ಗಂಟು ಕೆಸುವಿನೆಲೆ ಹಾಕಿಸಿಕೊಂಡರು. ಬೈಕು ಬೇಡ ಎಂದು ಮಾತ್ರ ಹೇಳಲಿಲ್ಲ. ಅದನ್ನು ಮೆರಿಟಾ ಗಮನಿಸಿದಳು.

*

ಮುಂದಿನ ಶನಿವಾರ ಬೈಕು ನಡೆಸುವ ಮೊದಲ ಪರೀಕ್ಷೆ. ಖಾಲಿ ಮೈದಾನದಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ಇಟ್ಟಿದ್ದರು. ಕಲಿಯಲು ಬಂದ ಐದು ಜನರಲ್ಲಿ ನಾಲ್ವರಿಗೆ ಇನ್ನೂ ಸರಿಯಾಗಿ ಗಡ್ಡ ಬಂದಿರಲಿಲ್ಲ. ಗುರು ಗ್ರೇಮ್ ಎಂಬಾತ ಕೊಟ್ಟ ಪುಟ್ಟ ಬೈಕು ಮೆರಿಟಾಳ ಕೆಳಗೆ ಏಳು ಸಲ ಆಫ್ ಆಯಿತು.

"ಕ್ಲಚ್ಚು ಮೆಲ್ಲಗೆ ಬಿಡಿ. ಮೊಟ್ಟೆ ಹಿಡಿದಂಗೆ."

"ನಾನು ದಿನಾ ನೂರಿಪ್ಪತ್ತು ಮೊಟ್ಟೆ ಒಡೀತೀನಿ," ಎಂದಳು ಮೆರಿಟಾ. "ಬೇರೆ ಏನಾದ್ರೂ ಹೇಳಿ."

ಗ್ರೇಮ್ ತಲೆ ಕೆರೆದುಕೊಂಡ. "ಮಲಗಿರೋ ಮಗುವಿನ ತಲೆ ಕೆಳಗಿಂದ ಕೈ ತೆಗೀತೀರಲ್ಲ, ಹಾಗೆ."

ಎಂಟನೆಯ ಸಲ ಬೈಕು ಹೊರಟಿತು. ಹೊರಟೇ ಬಿಟ್ಟಿತು! ಮೆರಿಟಾ ಕಿರುಚಿದ್ದು ಹೆಲ್ಮೆಟ್ಟಿನೊಳಗೇ ಸುತ್ತಿ ಅವಳ ಕಿವಿಗೇ ಬಡಿಯಿತು. ಶಂಕುಗಳ ನಡುವೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಹುಡುಗರು ಚಪ್ಪಾಳೆ ಹೊಡೆದು "ಆಂಟೀ!" ಎಂದು ಕೂಗಿದರು. ಬ್ರೇಕು ಹಿಡಿದು ನಿಲ್ಲಿಸಬೇಕಾದ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿದಳು. ಇಳಿದ ಮೇಲೂ ಮುಖ ನಗುತ್ತಲೇ ಇತ್ತು, ಅದನ್ನು ನಿಲ್ಲಿಸುವ ಬ್ರೇಕು ಎಲ್ಲಿದೆಯೋ ಅವಳಿಗೆ ಸಿಗಲಿಲ್ಲ.

ಆ ವಾರವೆಲ್ಲ ರಾತ್ರಿಯ ಪಾತ್ರೆ ತೊಳೆಯುವಾಗ ಪೆನಿನಾ ಒರೆಸುವ ಬಟ್ಟೆ ಹಿಡಿದು, ರಸ್ತೆ ನಿಯಮದ ಪುಸ್ತಕ ಕಿಟಕಿಗೆ ಒರಗಿಸಿ ಪ್ರಶ್ನೆ ಕೇಳಿದಳು.

"ಕಲಿಯೋರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಓಡಿಸಬಾರದು?"

"ರಾತ್ರಿ ಹತ್ತರಿಂದ ಬೆಳಿಗ್ಗೆ ಐದು."

"ಹಿಂದೆ ಯಾರನ್ನಾದ್ರೂ ಕೂರಿಸ್ಕೋಬಹುದಾ?"

"ಇಲ್ಲ. ಸದ್ಯ! ಇಲ್ಲದಿದ್ದರೆ ನಿಮ್ಮಪ್ಪ ಹತ್ತಿ ಕೂತಿರ್ತಿದ್ದ."

"ಎಲ್ ಬೋರ್ಡು?"

"ಹಿಂದೆ. ಕಾಣೋ ಹಾಗೆ. ಎಷ್ಟು ಒಳ್ಳೆ ಮಗಳು ನೀನು, ಹೀಗೆ ಸಹಾಯ ಮಾಡ್ತೀಯ."

"ನಾನು ಸಹಾಯ ಮಾಡ್ತಿಲ್ಲ," ಪೆನಿನಾ ತಟ್ಟೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. "ಪ್ರಶ್ನೆ ಕೇಳ್ತಿದೀನಿ ಅಷ್ಟೆ. ಕಾಲು ಮುರಿದು ಬಂದವರನ್ನ ನಾನು ವಾರ್ಡಲ್ಲಿ ನೋಡ್ತೀನಿ. ನೀನು ನೋಡಿಲ್ಲ."

ಮೆರಿಟಾ ನೊರೆಗೈಯಲ್ಲೇ ಮಗಳ ಕೆನ್ನೆ ಮುಟ್ಟಿದಳು. ಪೆನಿನಾ ಮುಖ ಒರೆಸಿಕೊಂಡು ಮುಂದಿನ ಪ್ರಶ್ನೆ ಕೇಳಿದಳು.

*

ಲೈಸೆನ್ಸು ಬಂತು. ಬೈಕು ನೋಡಲು ಕಣಿವೆಯ ಬಾಯಲ್ಲಿರುವ ಪಿಟೋನಿ ಊರಿನ ಅಂಗಡಿಗೆ ಹೊರಟಾಗ ಮಾವ ಭಾನುವಾರದ ಬಿಳಿ ಅಂಗಿ, ಕಪ್ಪು ಪಂಚೆ ತೊಟ್ಟು ಆಗಲೇ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಮನೆಗೆ ಬರೋ ವಸ್ತು. ನಾನು ನೋಡದೆ ಬರೋದಾ?"

ಅಂಗಡಿಯ ಟ್ರಿಶ್‌ಗೆ ಅರವತ್ತು ದಾಟಿತ್ತು. ಬೂದು ಜಡೆ, ಎಣ್ಣೆ ಮೆತ್ತಿದ ಕೈ. ಮೆರಿಟಾ ಕೆಲಸದ ಜಾಗ, ದಾರಿ, ಗುಡ್ಡ ಎಲ್ಲ ಹೇಳಿದಳು. ಟ್ರಿಶ್ ತಲೆಯಾಡಿಸುತ್ತ ಕೇಳಿ, ಕಲಿಯುವವರಿಗೆ ಕಾನೂನು ಒಪ್ಪುವ ಬೈಕುಗಳ ಸಾಲಿಗೆ ಕರೆದೊಯ್ದಳು. ಅಲ್ಲಿ ಕೆಂಪು ಬೈಕು ನಿಂತಿತ್ತು.

ಅದನ್ನು ನಿಂತಿತ್ತು ಎನ್ನುವುದೇ ತಪ್ಪು. ಜಿಗಿಯುವುದಕ್ಕೆ ಮುಂಚೆ ಬೆಕ್ಕು ಹೇಗೆ ಇರುತ್ತದೋ ಹಾಗಿತ್ತು. ಮೆರಿಟಾ ಕಾಲು ಎತ್ತಿ ಹಾಕಿ ಕೂತಳು. ಹ್ಯಾಂಡಲ್ಲು ಎಲ್ಲೋ ಕೆಳಗೆ, ಟ್ಯಾಂಕಿನ ಆಚೆ. ಅದನ್ನು ಹಿಡಿಯಲು ಮೈಯೆಲ್ಲ ಮುಂದೆ ಚಾಚಿ ಬಾಗಬೇಕಾಯಿತು. ಕಾಲು ಹಿಂದೆ, ಮೇಲೆ ಮಡಚಿ ಕೂತವು. ಅಂಗಡಿಯ ಕನ್ನಡಿಯಲ್ಲಿ ನೋಡಿದಳು. ಕನ್ನಡಿಯಲ್ಲಿದ್ದವಳು ಅಡುಗೆಯವಳಲ್ಲ.

"ಆಹಾ!" ಎಂದರು ಮಾವ.

ಎಲ್ಲರೂ ತಿರುಗಿದರು. ಮಾವ ಹೀಗೆ ಉದ್ಗರಿಸಿದ್ದನ್ನು ಸೆಮಿಸಿ ಹತ್ತು ವರ್ಷದಲ್ಲಿ ಕೇಳಿರಲಿಲ್ಲ.

"ನೋಡೋ, ನೋಡೋ! ಬಾಗಿದಾಳೆ! ಈ ಬೈಕು ತಾನೇ ಬಾಗಿಸುತ್ತೆ. ತುಲೌ ಅಂತ ಬಾಯಲ್ಲಿ ಹೇಳೋದೇ ಬೇಡ. ಮರ್ಯಾದೆ ಗೊತ್ತಿರೋ ಬೈಕು ಇದು."

ಟ್ರಿಶ್‌ಗೆ ಅರ್ಧ ಅರ್ಥವಾಯಿತು. ಅವಳು ಮೆರಿಟಾಳ ಮಣಿಕಟ್ಟು ನೋಡುತ್ತಿದ್ದಳು. "ನೋಡಮ್ಮಾ, ಇದು ಚಂದ. ಸುಳ್ಳು ಹೇಳಲ್ಲ. ಆದರೆ ಮೈಭಾರ ಎಲ್ಲ ಕೈ ಮೇಲೆ ಬೀಳುತ್ತೆ. ದಿನಾ ಗುಡ್ಡ ಹತ್ತಿ ಇಳಿಯೋರಿಗೆ ಆ ನೀಲಿಯದ್ದು ಕೂತು ನೋಡಿ. ಅದೂ ಸ್ಪೋರ್ಟ್ಸೇ. ಅದೇ ಥರದ ಇಂಜಿನ್ನು. ಹ್ಯಾಂಡಲ್ಲು ಮೇಲಿದೆ, ಸೀಟು ಅಗಲ, ಕಾಲಿಗೆ ಜಾಗ ಇದೆ."

ಮೆರಿಟಾ ನೀಲಿಯ ಮೇಲೆ ಕೂತಳು. ಬೆನ್ನು ಸ್ವಲ್ಪವೇ ಮುಂದೆ ವಾಲಿತು, ಕೈ ತಾನಾಗಿ ಹ್ಯಾಂಡಲ್ಲಿಗೆ ಸೇರಿತು. ಇಷ್ಟೇನಾ ಅನ್ನಿಸಿತು. ಸೋಫಾದಲ್ಲಿ ಕೂತವಳಿಗೆ ಏನು ರೋಮಾಂಚನ?

"ಇದರ ಮೇಲೆ ಪಾದ್ರಿ ಹೆಂಡತಿ ಥರ ಕೂತಿದಾಳೆ," ಮಾವ ತೀರ್ಪು ಕೊಟ್ಟರು. "ಕೆಂಪೇ ಸರಿ."

"ನಂಗೂ ಕೆಂಪೇ," ಎಂದಳು ಮೆರಿಟಾ, ಅವಸರದಲ್ಲಿ. ಮಾವ ಒಪ್ಪಿದರೆ ಸಾಕು ಎಂದು ಬಂದವಳಿಗೆ ಮಾವ ಹೊಗಳುತ್ತಿದ್ದಾರೆ! ಇದನ್ನು ಬಿಟ್ಟು ಇನ್ನೇನು ನೋಡುವುದು?

ಮಾವ ಟ್ರಿಶ್‌ಳ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಂಪು ಬೈಕು ನಮ್ಮದೇ ಎಂದು ಮಾತು ಕೊಟ್ಟರು. ಆಮೇಲೆ ಅಲ್ಲೇ ಕೆಂಪು ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಉದ್ದನೆಯ ಪ್ರಾರ್ಥನೆ ಮಾಡಿದರು. ಟಯರು ಕೊಳ್ಳಲು ಬಂದಿದ್ದ ಇಬ್ಬರು ಟೋಪಿ ತೆಗೆದು ನಿಂತರು.

*

ಮೊದಲ ಸವಾರಿಯ ಬಗ್ಗೆ ಹೇಳಬೇಕೆಂದರೆ, ಮೊದಲ ಹತ್ತು ನಿಮಿಷ ಸ್ವರ್ಗ.

ಕೊಲ್ಲಿಯ ನೀರು ಪಕ್ಕದಲ್ಲೇ ಓಡಿ ಬಂತು. ಗಾಳಿ ಎದೆಗೆ ಒದೆಯಿತು. ಇಲ್ಲಿ ಗಾಳಿ ಒದೆಯದ ದಿನವೇ ಇಲ್ಲ, ಆದರೆ ಹೀಗೆ ಅದಕ್ಕೆ ತಿರುಗಿ ಒದೆಯಬಹುದೆಂದು ಮೆರಿಟಾಳಿಗೆ ಗೊತ್ತಿರಲಿಲ್ಲ. ಗುಡ್ಡದ ತಿರುವಿನಲ್ಲಿ ಬೈಕು ಮಗ್ಗುಲಿಗೆ ವಾಲಿದಾಗ ಅವಳು ಮತ್ತೆ ಕಿರುಚಿದಳು. ಆಮೇಲೆ ಇಳಿಜಾರು ಬಂತು. ಇಳಿಜಾರಿನಲ್ಲಿ ಅವಳ ಭಾರವೆಲ್ಲ ಮಣಿಕಟ್ಟಿಗೆ ಇಳಿಯಿತು. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಏನೂ ಇಲ್ಲ. ಬೆರಳುಗಳು ಇವೆಯೆಂದು ನೋಡಿಯೇ ತಿಳಿಯಬೇಕಾಗಿತ್ತು. ರಾತ್ರಿ ಮಲಗಿದಾಗ ಕುತ್ತಿಗೆ ಇನ್ನೂ ರಸ್ತೆ ನೋಡುತ್ತಿತ್ತು.

ಅಭ್ಯಾಸವಾಗುತ್ತದೆ ಅಂದುಕೊಂಡಳು. ಬುಧವಾರ ಎಂಟರ ಪಾಳಿಗೆ ಬೈಕಿನಲ್ಲೇ ಹೋದಳು. ಸಾರು ಬಡಿಸುವಾಗ ಸೌಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ತೊಳೆದು ತಂದಳು. ಮತ್ತೆ ಬಿತ್ತು.

"ಕೈಗೆ ಏನಾಯ್ತು?" ಮೇಲ್ವಿಚಾರಕಿ ಕೇಳಿದಳು.

"ಏನಿಲ್ಲ. ಸೋಪು."

"ಸೋಮವಾರದಿಂದ ಅರವತ್ತೆರಡು ಜನರ ಗಂಜಿ ಹಂಡೆ ಎತ್ತಬೇಕು ಮೆರಿಟಾ. ಆಗುತ್ತೆ ತಾನೆ? ಆಗಲ್ಲ ಅಂದ್ರೆ ಇವತ್ತೇ ಹೇಳಿಬಿಡು, ನಾನು ಬೇಜಾರು ಮಾಡ್ಕೊಳಲ್ಲ."

"ಆಗುತ್ತೆ."

ಸಂಜೆ ಸಿಂಕಿನ ಮುಂದೆ ನಿಂತು ಒರೆಸುವ ಬಟ್ಟೆ ಹಿಂಡಲು ಹೋದಳು. ಹಿಂಡಲಾಗಲಿಲ್ಲ. ಒದ್ದೆ ಬಟ್ಟೆಯನ್ನು ಹಾಗೇ ಹಗ್ಗಕ್ಕೆ ಹಾಕಿದಳು. ಅದು ತಟತಟ ತೊಟ್ಟಿಕ್ಕುವುದನ್ನು ಪೆನಿನಾ ನೋಡಿದಳು.

"ಗ್ಯಾರೇಜಿಗೆ ಬಾ," ಎಂದಳು ಪೆನಿನಾ.

ಮಾವ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದರು. ಸೆಮಿಸಿ ಕೆಂಪು ಬೈಕನ್ನು ಹಿಂಬದಿಯ ಸ್ಟ್ಯಾಂಡಿಗೆ ಏರಿಸಿ ನೆಟ್ಟಗೆ ನಿಲ್ಲಿಸಿದ. ಪೆನಿನಾ ಅದರ ಮುಂದೆಯೇ ಚಾಪೆ ಹಾಸಿ ಊಟ ಬಡಿಸಿದಳು. ಕುರಿಮಾಂಸದ ಸಾರು, ಬೇಯಿಸಿದ ಹಸಿಬಾಳೆ.

"ಹತ್ತು. ಹಿಡಿ. ನಮ್ಮ ಊಟ ಮುಗಿಯೋವರೆಗೂ ಇಳೀಬಾರದು."

"ನನ್ನ ಊಟ?"

"ನಿನ್ನ ಕೈ ಖಾಲಿ ಇದ್ರೆ ತಾನೆ?"

ಸೆಮಿಸಿ ಎದ್ದು ಒಂದು ತುಂಡು ಬಾಳೆ ಹೆಂಡತಿಯ ಬಾಯಿಗಿಟ್ಟ. "ಪೆಟ್ರೋಲು," ಎಂದ.

ಅವರು ನಿಧಾನವಾಗಿ ಉಂಡರು. ಪೆನಿನಾ ಮೂಳೆ ಕೂಡ ಬಿಡಲಿಲ್ಲ. ಹದಿನಾರನೆಯ ನಿಮಿಷಕ್ಕೆ ಮೆರಿಟಾಳ ಹಣೆಯಲ್ಲಿ ಬೆವರು, ಇಪ್ಪತ್ತಕ್ಕೆ ಕಣ್ಣಲ್ಲಿ ನೀರು.

"ಇಳಿ ಅಮ್ಮ. ಈಗ ಈ ಲೋಟ ಹಿಡಿ."

ಲೋಟ ಬಿತ್ತು. ಸ್ಟೀಲಿನದಾದ್ದರಿಂದ ಉರುಳುತ್ತ ಮಾವನ ಕುರ್ಚಿಯವರೆಗೆ ಹೋಯಿತು.

"ನೀಲಿದಕ್ಕೆ ಬದಲಾಯಿಸು. ಎರಡು ವಾರದೊಳಗೆ ಬದಲಾಯಿಸ್ಕೋಬಹುದು ಅಂತ ರಸೀದೀಲೇ ಬರೆದಿದೆ."

"ಬೈಕೇ ಬೇಡ ಅಂತಿದ್ದವಳು ನೀನು!"

"ಬೇಡ ಅಂತಲೇ ಇದೀನಿ. ಆದರೆ ಹೋಗೋದೇ ಆದ್ರೆ ಬ್ರೇಕು ಹಿಡಿಯೋ ಬೆರಳಾದ್ರೂ ಇರಲಿ!"

"ಪೆನಿ, ನಿಮ್ಮಜ್ಜ ಕೈ ಹಿಡಿದು ಮಾತು ಕೊಟ್ಟಿದಾರೆ. ಅದರ ಮೇಲೆ ಪ್ರಾರ್ಥನೆ ಮಾಡಿದಾರೆ. ಈಗ ಹೋಗಿ, ಮಾವ, ನೀವು ಆರಿಸಿದ್ದು ತಪ್ಪು ಅನ್ನಲಾ? ಇಡೀ ಚರ್ಚಿಗೆ ಹೇಳ್ಕೊಂಡು ಬಂದಿದಾರೆ, ನಮ್ಮನೆ ಸೊಸೆ ಬೈಕು ನಮಸ್ಕಾರ ಮಾಡುತ್ತೆ ಅಂತ."

"ಹೇಳದಿದ್ದರೆ ಕೆಲಸ ಹೋಗುತ್ತೆ."

"ಹೋಗಲಿ! ಒಂಬತ್ತು ವರ್ಷ ಪಾತ್ರೆ ತೊಳೆದಿಲ್ವಾ, ಇನ್ನೊಂಬತ್ತು ತೊಳೀತೀನಿ."

ದನಿ ಏರಿತ್ತು. ಅಂಗಳದಲ್ಲಿ ಚಪ್ಪಲಿ ಸದ್ದಾದಾಗ ಇಬ್ಬರೂ ಬಾಯಿ ಮುಚ್ಚಿದರು. ಮಾವ ಒಳಗೆ ಬಂದರು, ಲೋಟ ಎತ್ತಿ ಚಾಪೆಯ ಮೇಲಿಟ್ಟರು, ಏನೂ ಕೇಳದೆ ಕೈ ತೊಳೆಯಲು ಹೋದರು. ಎಷ್ಟು ಕೇಳಿಸಿಕೊಂಡರೋ ಯಾರಿಗೂ ತಿಳಿಯಲಿಲ್ಲ.

*

ಶುಕ್ರವಾರ ಮಧ್ಯಾಹ್ನ ಮೆರಿಟಾ ದಿನಸಿ ಚೀಲ ಹೊತ್ತು ಬಂದಾಗ ಗ್ಯಾರೇಜಿನ ಬಾಗಿಲು ಅರ್ಧ ಇಳಿದಿತ್ತು. ಒಳಗಿನಿಂದ ಹಾಡು. ಬಗ್ಗಿ ನೋಡಿದಳು.

ಮಾವ ಕೆಂಪು ಬೈಕಿನ ಮೇಲಿದ್ದರು. ಪಂಚೆ ತೊಡೆಯವರೆಗೆ ಎತ್ತಿ ಕಟ್ಟಿ, ಬಿಳಿ ತಲೆ ಮುಂದೆ ಚಾಚಿ, ಎರಡೂ ಕೈಯಲ್ಲಿ ಹ್ಯಾಂಡಲ್ಲು ಬಿಗಿ ಹಿಡಿದು, ಹಲ್ಲು ಕಚ್ಚಿ ಹಾಡುತ್ತಿದ್ದರು.

ಮೆರಿಟಾಳ ಚೀಲದಿಂದ ಈರುಳ್ಳಿ ಉರುಳಿದವು. "ಮಾವ! ಎಷ್ಟು ಹೊತ್ತಿಂದ?"

"ಇದು ಐದನೇ ಹಾಡು. ಹಾಡಿಗೆ ಐದು ನಿಮಿಷ."

"ಇಳೀರಿ ಮಾವ!"

"ಇಳಿಯೋಕೆ ಬಂದಿದ್ರೆ ಮೂರನೇದಕ್ಕೇ ಇಳೀತಿದ್ದೆ."

ಅವಳು ಓಡಿ ಹೋಗಿ ಅವರ ಸೊಂಟಕ್ಕೆ ತೋಳು ಹಾಕಿದಳು. ವೃದ್ಧಾಶ್ರಮದಲ್ಲಿ ಮುದುಕರನ್ನು ಎಬ್ಬಿಸಿ ಅಭ್ಯಾಸವಿದ್ದ ತೋಳು. ಒಂದೊಂದೇ ಕಾಲು ಇಳಿಸಿ, ಮೆಲ್ಲಗೆ ಕುರ್ಚಿಗೆ ತಂದು ಕೂರಿಸಿದಳು. ಬೆನ್ನು ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಅವರು ತಮ್ಮ ಬೆರಳುಗಳನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದ್ದೋ ಎಂಬಂತೆ ನೋಡಿದರು.

"ಮೊನ್ನೆ ನಿನ್ನ ಮಗಳು ಹೇಳಿದ್ದು ಸುಳ್ಳಲ್ಲ," ಎಂದರು.

"ಮಾವ, ಅವಳೇನೋ ಚಿಕ್ಕವಳು..."

"ಸುಮ್ನಿರು. ನೀನು ನನ್ನ ಮುಂದೆ ಎಷ್ಟು ಸಲ ಬಾಗಿ ಹೋಗಿದೀಯ ಈ ಮನೇಲಿ? ಇಪ್ಪತ್ತೆರಡು ವರ್ಷ. ಒಂದು ಸಲಕ್ಕೆ ಎಷ್ಟು ಹೊತ್ತು? ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆ ಆದ ಮೇಲೆ ನೆಟ್ಟಗಾಗಿ ನಿನ್ನ ಕೆಲಸಕ್ಕೆ ಹೋಗ್ತೀಯ. ಅದು ಬಾಗೋದು." ಅವರು ಕೆಂಪು ಬೈಕನ್ನು ಗದ್ದದಲ್ಲಿ ತೋರಿಸಿದರು. "ಇದು ನೆಟ್ಟಗಾಗೋಕೆ ಬಿಡಲ್ಲ. ಇದಕ್ಕೆ ಮರ್ಯಾದೆ ಗೊತ್ತಿಲ್ಲ ಮೆರಿಟಾ. ಇದಕ್ಕೆ ಬರೀ ಬಗ್ಗಿಸೋದು ಗೊತ್ತು."

ಮೆರಿಟಾ ಅವರ ಕಾಲ ಬಳಿ ನೆಲದ ಮೇಲೆ ಕೂತು ಈರುಳ್ಳಿ ಆರಿಸತೊಡಗಿದಳು. ಮುಖ ಎತ್ತಿದರೆ ಅಳುವೋ ನಗುವೋ ಬಂದುಬಿಡುತ್ತಿತ್ತು.

"ಆದರೆ ಮಾತು ಕೊಟ್ಟಿದೀರಿ, ಮಾವ."

"ಕೊಟ್ಟವನೇ ವಾಪಸ್ ತರಬೇಕು. ನಿನ್ನ ಅತ್ತೆ ಪೆಟ್ಟಿಗೆ ತೆಗಿ."

*

ಶನಿವಾರ ಬೆಳಿಗ್ಗೆ ಟ್ರಿಶ್ ಅಂಗಡಿಯ ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಮಾವ ನಿಂತಿದ್ದರು, ಮತ್ತದೇ ಬಿಳಿ ಅಂಗಿ. ಹಿಂದೆ ಸೆಮಿಸಿ ಡಬ್ಬಿ ಮಾಂಸದ ಒಂದು ಪೂರ್ತಿ ಪೆಟ್ಟಿಗೆ ಹೊತ್ತಿದ್ದ. ಮೆರಿಟಾಳ ತೋಳಿನ ಮೇಲೆ ಅತ್ತೆ ಬದುಕಿದ್ದಾಗ ಹೆಣೆದು ಪೆಟ್ಟಿಗೆಯಲ್ಲಿಟ್ಟಿದ್ದ, ತಪ್ಪೊಪ್ಪಿಗೆಗೆ ಕೊಡುವಂಥ ಚಾಪೆ, ಬಟ್ಟೆಯಷ್ಟು ನಯ, ಅಂಚಿನಲ್ಲಿ ಕೆಂಪು ಗರಿ. ವ್ಯಾನಿನಲ್ಲಿ ಕೆಂಪು ಬೈಕು.

"ನಾನು ಆತುರದಲ್ಲಿ ಮಾತು ಕೊಟ್ಟೆ," ಎಂದರು ಮಾವ. "ನಿಮ್ಮ ಮಾತು ಕೇಳಲಿಲ್ಲ. ತಪ್ಪಾಯ್ತು."

"ಅಯ್ಯೋ, ಬದಲಾಯಿಸಿ ಕೊಡೋದು ಇದ್ದದ್ದೇ. ನೀಲಿಗೆ ನಾನೂರು ಡಾಲರು ಜಾಸ್ತಿ ಅಷ್ಟೆ. ಇದೆಲ್ಲ ಯಾಕೆ? ಇಂಥ ಚಾಪೆ ನಾನು ಹೇಗೆ ತಗೊಳ್ಳಲಿ?"

"ತಗೋಬೇಕು. ನೀವು ತಗೊಂಡ್ರೇ ನನ್ನ ಮಾತು ನಂಗೆ ವಾಪಸ್ ಸಿಗೋದು."

ಟ್ರಿಶ್ ತನ್ನ ಎಣ್ಣೆಗೈ ನೋಡಿಕೊಂಡಳು. ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಬಂದು ಎರಡೂ ಕೈಯಲ್ಲಿ ಚಾಪೆ ತೆಗೆದುಕೊಂಡಳು. ಅವಳ ಕೈ ಅಷ್ಟು ಬಿಳಿಯಾಗಿದ್ದನ್ನು ಅಂಗಡಿಯವರು ಮೊದಲ ಸಲ ನೋಡಿರಬೇಕು.

ಈ ಸಲ ಪೆನಿನಾಳೂ ಬಂದಿದ್ದಳು, ಕೈಗಡಿಯಾರ ಹಿಡಿದು. ನೀಲಿ ಬೈಕಿನ ಮೇಲೆ ಅಮ್ಮನನ್ನು ಇಪ್ಪತ್ತೈದು ನಿಮಿಷ ಕೂರಿಸಿದಳು. ಮೆರಿಟಾ ಕೂತಲ್ಲೇ ಟ್ರಿಶ್ ಕೊಟ್ಟ ಚಹಾ ಕುಡಿದಳು, ಬಿಸ್ಕತ್ತು ತಿಂದಳು. ಇಳಿದ ಮೇಲೆ ಮಗಳ ಕೈಬೆರಳುಗಳನ್ನು ಹಿಡಿದು ಒತ್ತಿದಳು.

"ಅಯ್ಯೋ! ಬಿಡಮ್ಮಾ, ಮುರೀತೀಯ!"

"ಸೋಫಾ ಅಂದ್ಕೊಂಡಿದ್ದೆ ಇದನ್ನ," ಎಂದಳು ಮೆರಿಟಾ.

ಟ್ರಿಶ್ ಅಂಗಡಿಯ ಹಿಂದಿನ ರಸ್ತೆಗೆ ಅವಳನ್ನು ಕಳಿಸಿದಳು. ಮೆರಿಟಾ ಸಮುದ್ರದ ದಂಡೆಗುಂಟ ಹೋಗಿ ತಿರುಗಿ ಬಂದಾಗ ಕಿರುಚಿ ಕಿರುಚಿ ಗಂಟಲು ಕೂತಿತ್ತು. ಸೋಫಾ ಅಲ್ಲ, ಏನಲ್ಲ. ಅದೇ ಜಿಗಿತ, ಅದೇ ಸದ್ದು, ಚಪ್ಪಲಿಯಿಂದ ಹೊಟ್ಟೆಗೆ. ಜೊತೆಗೆ ಈ ಸಲ ಅದನ್ನು ಹಿಡಿಯಲು ಕೈಗಳೂ ಇದ್ದವು.

ವಾಪಸ್ ಬರುವಾಗ ವ್ಯಾನಿನಲ್ಲಿ ಪೆನಿನಾ ಕೇಳಿಯೇ ಬಿಟ್ಟಳಂತೆ: "ಅಜ್ಜ, ಇದರ ಮೇಲೆ ಅಮ್ಮನ ತಲೆ ನಿಮ್ಮ ತಲೆಗಿಂತ ಮೇಲೇ ಇರುತ್ತಲ್ಲ?"

"ಅದನ್ನ ನನಗೆ ಬಿಡು," ಎಂದರಂತೆ ಮಾವ.

*

ಸೋಮವಾರ ಬೆಳಿಗ್ಗೆ ನಾಲ್ಕೂವರೆಗೆ ಮೆರಿಟಾ ಎದ್ದಳು. ಏಳುವ ಮಾತೆಲ್ಲಿ, ಮಲಗಿದ್ದರೆ ತಾನೆ? ಪೆನಿನಾ ಆಗಲೇ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಸೆಮಿಸಿ ಜಾಕೆಟ್ಟಿನ ಝಿಪ್ಪು ಎಳೆದು ಕೊಟ್ಟ.

"ಹೋಗಿ ಮುಟ್ಟಿದ ತಕ್ಷಣ ಫೋನು," ಪೆನಿನಾ ಹೇಳಿದಳು. "ಒಲೆ ಹಚ್ಚೋಕೆ ಮುಂಚೆ."

"ಆಯ್ತು ಡಾಕ್ಟ್ರೇ."

"ನಗಬೇಡ. ನಿಜವಾಗಿ."

"ನಿಜವಾಗಿ ಮಾಡ್ತೀನಿ ಪೆನಿ."

ಗ್ಯಾರೇಜಿನ ದೀಪ ಉರಿಯುತ್ತಿತ್ತು. ಮಾವ ತಮ್ಮ ಬಿಳಿ ಕುರ್ಚಿಯಲ್ಲಿ ಹೊದಿಕೆ ಹೊದ್ದು ಕೂತಿದ್ದರು. ಇಷ್ಟು ಬೇಗ ಅವರು ಅಲ್ಲಿ ಕೂತದ್ದು ಇದೇ ಮೊದಲು. ಮೆರಿಟಾ ಬಾಗಿ 'ತುಲೌ' ಎಂದು ಅವರ ಮುಂದೆ ಹಾದು ಬೈಕಿನ ಬಳಿ ಹೋದಳು. ಹೆಲ್ಮೆಟ್ಟು ಹಾಕಿದಳು. ಐದು ಗಂಟೆ ದಾಟಿ ಮೂರು ನಿಮಿಷ. ಗುಂಡಿ ಒತ್ತಿದಳು. ನೀಲಿ ಬೈಕು ಗಂಟಲು ಸರಿಮಾಡಿಕೊಂಡಿತು.

ಕಾಲು ಎತ್ತಿ ಹಾಕಿ ಕೂತಾಗ ಅವಳಿಗೆ ಮಾವನ ನೆತ್ತಿ ಕಾಣಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಮೇಲಿನಿಂದ ನೋಡಿರಲಿಲ್ಲ. ನಡುವೆ ಕೂದಲು ತೆಳುವಾಗಿತ್ತು. ಅವಳ ಕೈ ಕ್ಲಚ್ಚಿನ ಮೇಲೇ ನಿಂತಿತು.

ಆಗ ಮಾವ ಕುರ್ಚಿಯ ಎರಡೂ ತೋಳಿಗೆ ಕೈ ಊರಿದರು. ಮೊಣಕಾಲು ಒಂದು ಸಲ ಒಪ್ಪಲಿಲ್ಲ. ಇನ್ನೊಂದು ಸಲ ಊರಿ, ಎದ್ದು ನಿಂತರು. ಹೊದಿಕೆ ಭುಜದಿಂದ ಜಾರಿತು. ಎತ್ತಿಕೊಳ್ಳಲಿಲ್ಲ. ನೆಟ್ಟಗೆ ನಿಂತಾಗ ಅವರು ಇನ್ನೂ ಎತ್ತರದ ಆಳೇ. ಅವರ ತಲೆ ಈಗ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು.

"ಹೊರಡು," ಎಂದರು. "ಗಂಜಿ ತಳ ಹಿಡಿಸಬೇಡ."

ಬೈಕು ಹೊರಟಿತು. ಕುರ್ಚಿಯ ಮುಂದೆ ಬಂದಾಗ ಯಾರೂ ಕೇಳದೆಯೇ ಮೆರಿಟಾ ಬೆನ್ನು ಬಾಗಿಸಿ, ಹೆಲ್ಮೆಟ್ಟು ಟ್ಯಾಂಕಿನವರೆಗೆ ಇಳಿಸಿ, ಗಾಜಿನೊಳಗೇ 'ತುಲೌ' ಎಂದಳು. ನಾಲ್ಕು ಹೆಜ್ಜೆಯಷ್ಟು ದೂರ. ಆಮೇಲೆ ನೆಟ್ಟಗಾದಳು.

"ಅಮ್ಮಾ! ಎಲ್ ಬೋರ್ಡು!"

ಪೆನಿನಾ ಬರಿಗಾಲಲ್ಲಿ, ಹಳದಿ ಬೋರ್ಡು ಎತ್ತಿ ಹಿಡಿದು ಓಡಿ ಬಂದಳು. ಅಂಗಳದ ತುದಿಯಲ್ಲಿ ಬಗ್ಗಿ ನಿಂತು, ಬೈದುಕೊಳ್ಳುತ್ತಲೇ ಅದನ್ನು ಹಿಂದೆ ಸಿಕ್ಕಿಸಿ, ಸೀಟಿಗೆ ಎರಡು ಪೆಟ್ಟು ಕೊಟ್ಟಳು.

ಬೀದಿಗೆ ತಿರುಗುವಾಗ ಮೆರಿಟಾ ಕನ್ನಡಿ ನೋಡಿದಳು. ಗ್ಯಾರೇಜಿನ ಬೆಳಕಿನಲ್ಲಿ ಬಿಳಿ ಕುರ್ಚಿ ಖಾಲಿಯಾಗಿತ್ತು, ಮಾವ ಇನ್ನೂ ನಿಂತೇ ಇದ್ದರು. ಅವಳು ಆಕ್ಸಿಲರೇಟರ್ ತಿರುಗಿಸಿದಳು. ಬೆರಳು ಹತ್ತೂ ಅಲ್ಲೇ ಇದ್ದವು, ಬೆಚ್ಚಗೆ, ಒಂದೊಂದೂ ಲೆಕ್ಕಕ್ಕೆ ಸಿಗುವಂತೆ. ಮುಂದೆ ಗುಡ್ಡ ಕತ್ತಲೆಯಿಂದ ಆಗಷ್ಟೇ ಬಿಡಿಸಿಕೊಳ್ಳುತ್ತಿತ್ತು.